‘ಇದು ಯಾರ ಪರ?’: ಯುದ್ಧಕಾಲದ ಫ್ರೆಂಚ್ ಸಿನಿಮಾ ಮತ್ತು ರಸಗ್ರಹಣದ ಪ್ರಶ್ನೆ

ಕಳೆದ ಕೆಲವು ದಶಕಗಳಲ್ಲಿ ಕನ್ನಡ ವಿಮರ್ಶೆಯು ರೂಢಿಸಿಕೊಂಡ ಪ್ರಶ್ನೆಗಳಲ್ಲಿ ಬಹಳ ಪ್ರಭಾವಶಾಲಿಯಾದುದು ‘ಈ ಕೃತಿ ಯಾರ ಪರವಾಗಿದೆ?’ ಎಂಬುದು. ಬಂಡಾಯದ ಕಾಲದಲ್ಲಿ ನೇರವಾಗಿಯೂ, ಆನಂತರದ ಸಂಸ್ಕೃತಿ ವಿಮರ್ಶೆಯಲ್ಲಿ ಹೆಚ್ಚು ಸೂಕ್ಷ್ಮವಾದ ಪರಿಭಾಷೆಯಲ್ಲಿಯೂ ಈ ಪ್ರಶ್ನೆ ನಮ್ಮ ಸಂಶೋಧನೆಯ ಬೆನ್ನ ಹಿಂದೆ ನಿಂತಿದೆ. ನನ್ನ ಪಿಎಚ್.ಡಿ. ಅಧ್ಯಯನವೂ ಇದರ ಋಣದಲ್ಲಿದೆ. ಆ ಪ್ರಶ್ನೆಯನ್ನು ಕೈಬಿಡಬೇಕೆಂಬುದು ಈ ಬರಹದ ಇಂಗಿತವಲ್ಲ. ಆದರೆ ಪ್ರಬಂಧದ ಕೆಲಸದ ನಡುವೆ, ವಿದ್ಯಾರ್ಥಿನಿಲಯದ ಕೋಣೆಯಲ್ಲಿ ರಾತ್ರಿಯ ಹೊತ್ತು ನೋಡುತ್ತ ಬಂದ 1930ರಿಂದ 1945ರವರೆಗಿನ ಫ್ರೆಂಚ್ ಚಲನಚಿತ್ರಗಳು ಅದನ್ನು ಕೇಳುವ ನನ್ನ ಧಾಟಿಯನ್ನು ಬದಲಿಸಿವೆ. ‘ಯಾರ ಪರ?’ ಎಂಬ ಪ್ರಶ್ನೆಗೆ ಸೆರೆಮನೆಯೇ ಉತ್ತರವಾಗಬಹುದಾಗಿದ್ದ ಕಾಲದಲ್ಲಿ ಈ ಚಿತ್ರಗಳಲ್ಲಿ ಹಲವು ತಯಾರಾದವು.

ಕನ್ನಡದ ಓದುಗರಿಗೆ ಆ ಕಾಲದ ಫ್ರಾನ್ಸ್ ಅಪರಿಚಿತವಲ್ಲ. ನವ್ಯದ ಮೂಲಕ ಕಮೂ ಮತ್ತು ಸಾರ್ತ್ರೆ ನಮ್ಮ ವಿಭಾಗಗಳ ಪಾಠಕೋಣೆಗಳಿಗೆ ಬಂದು ಅರ್ಧ ಶತಮಾನವೇ ಆಯಿತು. ಆದರೆ ಕಮೂವಿನ ‘ಲೆತ್ರಾಂಜೆ’ (ಅನ್ಯ) 1942ರಲ್ಲಿ ಜರ್ಮನರ ವಶದಲ್ಲಿದ್ದ ಪ್ಯಾರಿಸ್ಸಿನಲ್ಲಿ ಪ್ರಕಟವಾಯಿತು, ಅದೇ ವರ್ಷದ ‘ಸಿಸಿಫಸ್ಸನ ಪುರಾಣ’ದಿಂದ ಕಾಫ್ಕಾನ ಮೇಲಿನ ಅಧ್ಯಾಯವನ್ನು ಅವನು ಯೆಹೂದಿ ಎಂಬ ಕಾರಣಕ್ಕೆ ಕೈಬಿಡಲಾಯಿತು, ಸಾರ್ತ್ರೆಯ ‘ಲೆ ಮೂಶ್’ (ನೊಣಗಳು) ನಾಟಕ 1943ರಲ್ಲಿ ಜರ್ಮನ್ ಪರಿಶೀಲಕರ ಅನುಮತಿ ಪಡೆದೇ ರಂಗಕ್ಕೆ ಬಂದಿತು ಎಂಬ ಸಂಗತಿಗಳನ್ನು ನಾವು ಅಷ್ಟಾಗಿ ಚರ್ಚಿಸುವುದಿಲ್ಲ. ಅಸ್ತಿತ್ವವಾದವು ನಮಗೆ ದಕ್ಕಿದ್ದು ತತ್ತ್ವವಾಗಿ. ಅದು ಹುಟ್ಟಿದ ಅನುಮತಿಪತ್ರಗಳ ಲೋಕ ದಕ್ಕಲಿಲ್ಲ. ಆ ಲೋಕವನ್ನು ಸಾಹಿತ್ಯಕ್ಕಿಂತ ಹೆಚ್ಚು ಮೂರ್ತವಾಗಿ ಕಾಣಿಸುವುದು ಸಿನಿಮಾ. ಕಾದಂಬರಿಕಾರನಿಗೆ ಕಾಗದ ಸಾಕು; ಸಿನಿಮಾಕ್ಕೆ ಕಚ್ಚಾ ಫಿಲ್ಮ್ ಬೇಕು, ವಿದ್ಯುತ್ ಬೇಕು, ಮರಮುಟ್ಟು ಬೇಕು, ನೂರಾರು ಜನ ಬೇಕು. ಇವೆಲ್ಲಕ್ಕೂ ಯಾರದೋ ಸಹಿ ಬೇಕು.

ಇಲ್ಲಿ ‘ರಸಗ್ರಹಣ’ ಎಂಬ ಪದದ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಈ ಪದ ಸಿನಿಮಾಕ್ಕೆ ಅಂಟಿಕೊಂಡದ್ದು ಚಿತ್ರಸಮಾಜಗಳ ಚಳವಳಿಯಿಂದ. 1971ರಲ್ಲಿ ಬೆಂಗಳೂರಿನಲ್ಲಿ ಸುಚಿತ್ರಾ, 1973ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಆರಂಭವಾದವು, ಕೆ.ವಿ. ಸುಬ್ಬಣ್ಣನವರಂಥವರು ಲೋಕದ ಸಿನಿಮಾವನ್ನು ಹಳ್ಳಿಯ ಪ್ರೇಕ್ಷಕರ ಮುಂದಿಟ್ಟು, ಅದನ್ನು ಕಾವ್ಯದಂತೆ ಆಸ್ವಾದಿಸಬಹುದೆಂದು ತೋರಿಸಿದರು. ರಸಕ್ಕೆ ಸಹೃದಯ ಬೇಕು. ಆದರೆ ಸಹೃದಯನ ಮನಸ್ಸು ನಿರ್ಮಲವಾದ ಕನ್ನಡಿಯಂತಿರಬೇಕೆಂದು ನಮ್ಮ ಮೀಮಾಂಸಕರು ಬಯಸಿದರು. ಶತ್ರುವಿನ ಹಣದಿಂದ ತಯಾರಾದ ಚಿತ್ರದ ಮುಂದೆ ಕೂತಾಗ ಆ ಕನ್ನಡಿಯನ್ನು ಒರೆಸಿಕೊಳ್ಳುವುದು ಹೇಗೆ?

ಮೊದಲು ಯುದ್ಧಪೂರ್ವದ ಒಂದು ಚಿತ್ರ. ಮಾರ್ಸೆಲ್ ಕಾರ್ನೆ 1939ರಲ್ಲಿ ನಿರ್ದೇಶಿಸಿದ ‘ಲ ಜೂರ್ ಸ ಲೆವ್’ (ಬೆಳಗಾಗುತ್ತಿದೆ) ಆರಂಭವಾಗುವುದೇ ಒಂದು ಕೊಲೆಯಿಂದ. ಕಾರ್ಖಾನೆಯ ಕೆಲಸಗಾರ ಫ್ರಾನ್ಸ್ವಾ (ಜಾಂ ಗಾಬಾಂ) ಎತ್ತರದ ಕಟ್ಟಡವೊಂದರ ತುದಿಯ ಕೋಣೆಯಲ್ಲಿ ಒಬ್ಬನನ್ನು ಗುಂಡಿಟ್ಟು ಕೊಂದು, ಬಾಗಿಲಿಗೆ ಕಪಾಟು ಅಡ್ಡವಿಟ್ಟು ಒಳಗೇ ಉಳಿಯುತ್ತಾನೆ. ಕೆಳಗೆ ಪೊಲೀಸರು, ನೆರೆಹೊರೆಯವರು. ಒಂದು ರಾತ್ರಿ ಕಳೆಯುತ್ತದೆ. ಕೋಣೆಯ ವಸ್ತುಗಳೇ ಅವನನ್ನು ನೆನಪಿಗೆ ಕರೆದೊಯ್ಯುತ್ತವೆ: ಪ್ರೇಯಸಿಯಿಂದ ಬಂದ ಆಟಿಕೆ ಕರಡಿ, ಒಂದು ಎದೆಪಿನ್ನು, ಗುಂಡಿನಿಂದ ಒಡೆದ ಕನ್ನಡಿ. ಬೆಂಕಿಕಡ್ಡಿ ಇಲ್ಲದ ಕಾರಣ ಅವನು ಒಂದು ಸಿಗರೇಟಿನಿಂದ ಮತ್ತೊಂದನ್ನು ಹೊತ್ತಿಸಿಕೊಳ್ಳುತ್ತಲೇ ಇರಬೇಕು. ಈ ಚಿಕ್ಕ ವಿವರ ಬಹಳ ಕಾಲ ನನ್ನೊಳಗೆ ಉಳಿಯಿತು. ಕಡ್ಡಿಯಿಲ್ಲದವನಿಗೆ ಸಿಗರೇಟು ಆರಿದರೆ ರಾತ್ರಿಯೂ ಮುಗಿದಂತೆ. ಎದೆಪಿನ್ನಿನ ಪ್ರಸಂಗವೂ ಹಾಗೆಯೇ: ತನಗೆ ಮಾತ್ರ ಒಲಿದವಳ ಕಾಣಿಕೆ ಎಂದು ಅವನು ಕಾಪಿಟ್ಟುಕೊಂಡದ್ದು, ಖಳನು ತಾನು ಗೆದ್ದ ಹೆಂಗಸರಿಗೆಲ್ಲ ಹಂಚುವ ಅಗ್ಗದ ಒಡವೆ ಎಂದು ಮತ್ತೊಬ್ಬಳಿಂದ ತಿಳಿಯುತ್ತದೆ. ನಮ್ಮಲ್ಲಿ ಮುದ್ರೆಯುಂಗುರ ಗುರುತು ಹಿಡಿಸುತ್ತದೆ, ಕಳೆದುಹೋದವರನ್ನು ಕೂಡಿಸುತ್ತದೆ. ಇಲ್ಲಿ ಗುರುತಿನ ವಸ್ತುವೇ ಗುರುತನ್ನು ಅಳಿಸುತ್ತದೆ. ಕೊನೆಯಲ್ಲಿ ಅವನು ತನಗೇ ಗುಂಡಿಟ್ಟುಕೊಂಡ ಮೇಲೆ, ಕೋಣೆಯಲ್ಲಿ ಅಶ್ರುವಾಯು ಹರಡುತ್ತಿರುವಾಗ, ದಿನವೂ ಅವನನ್ನು ಕಾರ್ಖಾನೆಗೆ ಎಬ್ಬಿಸುತ್ತಿದ್ದ ಅಲಾರಾಂ ಗಡಿಯಾರ ಬಡಿದುಕೊಳ್ಳುತ್ತದೆ. ಆಂದ್ರೆ ಬಜಾನ್ ಈ ಚಿತ್ರದ ಕೋಣೆಯನ್ನು ಪಾತ್ರದಷ್ಟೇ ಗಂಭೀರವಾಗಿ ವಿಶ್ಲೇಷಿಸಿದ್ದಾನೆ. ವಸ್ತುವಿವರಗಳನ್ನು ‘ವರ್ಣನೆ’ ಎಂದು ದಾಟಿಹೋಗುವ ನಮ್ಮ ಕಾದಂಬರಿ ವಿಮರ್ಶೆಗೆ ಅದರಲ್ಲಿ ಕಲಿಯಬೇಕಾದುದಿದೆ.

ಈ ಬಗೆಯ ಚಿತ್ರಗಳನ್ನು ‘ಕಾವ್ಯಾತ್ಮಕ ವಾಸ್ತವವಾದ’ ಎಂದು ಕರೆಯುವುದು ರೂಢಿ. ಆ ಹೆಸರು ಮೊದಲು ಹುಟ್ಟಿದ್ದು ಸಾಹಿತ್ಯದ ಚರ್ಚೆಯಲ್ಲಿ; ಸಿನಿಮಾಕ್ಕೆ ಅದು ಬಂದದ್ದು ಆನಂತರ. ಕನ್ನಡದಲ್ಲಿ ‘ಕಾವ್ಯಾತ್ಮಕ’ ಎಂಬುದು ಈಗ ಸವಕಲು ಪ್ರಶಂಸೆಯಾಗಿರುವುದರಿಂದ ಈ ಪದವನ್ನು ಬಳಸಲು ನನಗೆ ಅಳುಕು. ಮಾತುಗಳನ್ನು ಬರೆದವನು ಮಾತ್ರ ನಿಜವಾಗಿಯೂ ಕವಿ. ಜಾಕ್ ಪ್ರೆವೆರ್ ತನ್ನ ಪ್ರಸಿದ್ಧ ಸಂಕಲನ ‘ಪಾರೋಲ್’ ಅನ್ನು ಪ್ರಕಟಿಸಿದ್ದು 1946ರಲ್ಲಿ. ಅದಕ್ಕೂ ಮೊದಲು ಹತ್ತು ವರ್ಷ ಅವನ ಮಾತುಗಳು ಜನರನ್ನು ತಲುಪಿದ್ದು ಬಹುಮಟ್ಟಿಗೆ ನಟನಟಿಯರ ಬಾಯಿಂದ. ಕವಿಯೊಬ್ಬನ ಕೃತಿಶ್ರೇಣಿಯಲ್ಲಿ ಚಿತ್ರಸಂಭಾಷಣೆಗೆ ಯಾವ ಸ್ಥಾನ ಎಂಬುದು ನಮ್ಮ ಸಾಹಿತ್ಯ ಚರಿತ್ರೆಗಳೂ ಕೇಳಬೇಕಾದ ಪ್ರಶ್ನೆ.

1940ರ ಸೋಲಿನ ನಂತರ ಬಂದ ವಿಶಿ ಆಡಳಿತದ ದೃಷ್ಟಿಯಲ್ಲಿ ಇಂಥ ಚಿತ್ರಗಳು ದೇಶದ ನೈತಿಕ ಸ್ಥೈರ್ಯ ಕುಗ್ಗಿಸಿದ ಅಪರಾಧಿಗಳಾದವು. ಕಾರ್ನೆಯ ಹಿಂದಿನ ಚಿತ್ರ ‘ಕೆ ದೆ ಬ್ರ್ಯೂಮ್’ (ಮಂಜಿನ ಹಡಗುಕಟ್ಟೆ, 1938) ಯುದ್ಧ ಸೋಲಲು ಕಾರಣವೆಂಬ ಆಪಾದನೆ ಬಂದಾಗ, ಬಿರುಗಾಳಿಗೆ ವಾಯುಭಾರಮಾಪಕವನ್ನು ದೂರಲಾಗದು ಎಂಬರ್ಥದ ಉತ್ತರವನ್ನು ಅವನು ಕೊಟ್ಟನೆಂಬ ಮಾತು ಪ್ರಚಲಿತದಲ್ಲಿದೆ. ಉತ್ತರ ಚತುರವಾದುದು. ಆದರೆ ಅದರಲ್ಲಿಯೂ ಒಂದು ತೊಡಕಿದೆ. ಆ ಮಾಪಕದ ರೂಪಕವನ್ನು ಒಪ್ಪಿಕೊಂಡ ಅನೇಕರು ಮೂವತ್ತರ ದಶಕದ ಪ್ರತಿಯೊಂದು ಚಿತ್ರದಲ್ಲಿಯೂ ಬರಲಿರುವ ಯುದ್ಧದ ಶಕುನವನ್ನೇ ಹುಡುಕತೊಡಗಿದರು. ಫ್ರಾನ್ಸ್ವಾನ ಕೋಣೆ ಫ್ರಾನ್ಸ್ ದೇಶವಾಯಿತು, ಅವನ ಸಾವು ಗಣರಾಜ್ಯದ ಸಾವಾಯಿತು. ಜಾಂ ರೆನ್ವಾರನ ‘ಲಾ ರೆಗ್ಲ್ ದ್ಯು ಜ’ (ಆಟದ ನಿಯಮ) ಈ ಓದಿಗೆ ಹೆಚ್ಚು ಸಿಲುಕಿದ ಚಿತ್ರ. 1939ರ ಜುಲೈನಲ್ಲಿ ತೆರೆಕಂಡಾಗ ಪ್ರೇಕ್ಷಕರು ಕೆರಳಿದರು. ರೆನ್ವಾರ್ ಕತ್ತರಿಸುತ್ತ ಹೋದ. ಕೆಲವೇ ವಾರಗಳಲ್ಲಿ ಸರ್ಕಾರ ನಿಷೇಧಿಸಿತು. ಮೂಲ ನೆಗೆಟಿವ್ ಯುದ್ಧದ ಬಾಂಬಿಗೆ ಬಲಿಯಾಯಿತು. ನಾವಿಂದು ನೋಡುವುದು 1959ರಲ್ಲಿ ಅಭಿಮಾನಿಗಳು ಸಿಕ್ಕ ತುಣುಕುಗಳಿಂದ ಮತ್ತೆ ಕೂಡಿಸಿದ ಪಾಠವನ್ನು. ಗ್ರಂಥಸಂಪಾದನೆ ಓದಿದವರಿಗೆ ಈ ಸ್ಥಿತಿ ಚೆನ್ನಾಗಿ ತಿಳಿದದ್ದೇ. ಎಲ್ಲರಿಗೂ ಅವರವರ ಕಾರಣಗಳಿರುತ್ತವೆ, ಭಯಂಕರವಾದುದು ಇದೇ ಎಂಬರ್ಥದ ಮಾತನ್ನು ಅದರಲ್ಲಿ ರೆನ್ವಾರನೇ ನಿರ್ವಹಿಸಿದ ಪಾತ್ರ ಆಡುತ್ತದೆ. ಇದನ್ನು ಉದಾರ ಮಾನವತಾವಾದದ ಘೋಷಣೆಯೆಂದು ಉಲ್ಲೇಖಿಸುವವರು ‘ಭಯಂಕರ’ವನ್ನು ಬಿಟ್ಟುಬಿಡುತ್ತಾರೆ.

ಇದೇ ಕಾಲದ ಇನ್ನೊಂದು ಚಿತ್ರವನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಮಾರ್ಸೆಲ್ ಪಾನ್ಯೋಲನ ‘ಲಾ ಫಾಮ್ ದ್ಯು ಬುಲಾಂಜೆ’ (ರೊಟ್ಟಿಯವನ ಹೆಂಡತಿ, 1938). ಊರಿಗೆ ರೊಟ್ಟಿ ಸುಡುವವನ ಹೆಂಡತಿ ಕುರುಬನೊಡನೆ ಓಡಿಹೋಗುತ್ತಾಳೆ. ಇವನು ಕುಲುಮೆ ಆರಿಸಿ ಕೂರುತ್ತಾನೆ. ರೊಟ್ಟಿಯಿಲ್ಲದ ಊರು ಕಂಗೆಟ್ಟು, ಪರಸ್ಪರ ಮುಖ ನೋಡದವರೂ ಒಂದಾಗಿ ಆಕೆಯನ್ನು ಹುಡುಕಲು ಹೊರಡುತ್ತಾರೆ. ದೇವರನ್ನು ನಂಬದ ಶಾಲಾಮಾಸ್ತರ ಪಾದ್ರಿಯನ್ನು ಹೆಗಲ ಮೇಲೆ ಹೊತ್ತು ಜೌಗು ದಾಟಿಸುತ್ತಾನೆ. ಆಕೆ ಮರಳಿದಾಗ ಗಂಡ ಒಂದೂ ಬಿರುಸು ಮಾತನ್ನಾಡುವುದಿಲ್ಲ. ಅದೇ ಹೊತ್ತಿಗೆ ಗಂಡುಬೆಕ್ಕನ್ನು ಬಿಟ್ಟು ಅಲೆದು ಬಂದ ತನ್ನ ಹೆಣ್ಣುಬೆಕ್ಕನ್ನು ಎದುರಿಗಿಟ್ಟುಕೊಂಡು ಬಯ್ಯುತ್ತಾನೆ. ಹೆಂಡತಿ ನಿಂತು ಕೇಳಿಸಿಕೊಳ್ಳುತ್ತಾಳೆ. ಅಲಂಕಾರಶಾಸ್ತ್ರದ ತರಗತಿಯಲ್ಲಿ ಅನ್ಯೋಕ್ತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ. ಒಬ್ಬರಿಗೆ ಹೇಳಬೇಕಾದುದನ್ನು ಇನ್ನೊಂದಕ್ಕೆ ಹೇಳುವುದು ಇಲ್ಲಿ ಪ್ರೀತಿಯ ಮರ್ಯಾದೆ. ಎರಡೇ ವರ್ಷಗಳಲ್ಲಿ ಇದೇ ಅನ್ಯೋಕ್ತಿ ಇಡೀ ಫ್ರೆಂಚ್ ಸಿನಿಮಾದ ಅನಿವಾರ್ಯ ವಿಧಾನವಾಯಿತು.

ಆಕ್ರಮಣದ ನಾಲ್ಕು ವರ್ಷಗಳಲ್ಲಿ ಫ್ರಾನ್ಸಿನಲ್ಲಿ ಸುಮಾರು 220 ಕಥಾಚಿತ್ರಗಳು ತಯಾರಾದವು. ರೆನ್ವಾರ್, ದ್ಯುವಿವಿಯೆ, ರೆನೆ ಕ್ಲೇರ್ ಅಮೆರಿಕಕ್ಕೆ ಹೋಗಿದ್ದರು. ಗಾಬಾಂ ಕೂಡ ಹೋಗಿ, ಮುಂದೆ ಸ್ವತಂತ್ರ ಫ್ರೆಂಚ್ ಪಡೆ ಸೇರಿದ. ಉಳಿದವರು ಕೆಲಸ ಮುಂದುವರಿಸಿದರು. 1940ರ ಅಕ್ಟೋಬರಿನ ಕಾನೂನು ಯೆಹೂದಿಗಳನ್ನು ಚಿತ್ರೋದ್ಯಮದಿಂದ ಹೊರಗಟ್ಟಿತು. ಜರ್ಮನರು ಪ್ಯಾರಿಸ್ಸಿನಲ್ಲಿ ‘ಕಾಂತಿನೆಂತಾಲ್’ ಎಂಬ ತಮ್ಮದೇ ನಿರ್ಮಾಣಸಂಸ್ಥೆ ಸ್ಥಾಪಿಸಿ, ಆಲ್ಫ್ರೆಡ್ ಗ್ರೆವೆನ್ ಎಂಬಾತನ ಮುಖ್ಯಸ್ಥಿಕೆಯಲ್ಲಿ ಮೂವತ್ತು ಫ್ರೆಂಚ್ ಚಿತ್ರಗಳನ್ನು ತಯಾರಿಸಿದರು. ಬೀದಿಗಳಲ್ಲಿ ಜರ್ಮನ್ ಸೈನಿಕರು ತುಂಬಿದ್ದರೂ ತೆರೆಯ ಮೇಲೆ ಅವರು ಇಲ್ಲ. ಕಥೆಗಳು ಹಿಂದಿನ ಶತಮಾನಕ್ಕೋ ಐತಿಹ್ಯಕ್ಕೋ ಸರಿದವು. ಕಾರ್ನೆ–ಪ್ರೆವೆರ್ ಜೋಡಿಯ ‘ಲೆ ವಿಸಿತರ್ ದ್ಯು ಸ್ವಾರ್’ (ಸಂಜೆಯ ಅತಿಥಿಗಳು, 1942) ಮಧ್ಯಯುಗದ ಕಥೆ. ಸೈತಾನನು ಪ್ರೇಮಿಗಳಿಬ್ಬರನ್ನು ಕಲ್ಲಾಗಿಸುತ್ತಾನೆ. ಕಲ್ಲಿನೊಳಗೆ ಹೃದಯ ಬಡಿಯುತ್ತಲೇ ಇರುತ್ತದೆ. ಆ ಬಡಿತ ಫ್ರಾನ್ಸಿನದು ಎಂದು ಹಲವರು ಅರ್ಥಮಾಡಿಕೊಂಡರು. ಚಿತ್ರ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಅನ್ಯೋಕ್ತಿ ತಾನು ಅನ್ಯೋಕ್ತಿಯೆಂದು ಬಹಳ ಬೇಗ ತಿಳಿಸಿಬಿಡುತ್ತದೆ.

ಇದಕ್ಕೆ ವ್ಯತಿರಿಕ್ತವಾಗಿ, ಆಕ್ರಮಿತ ಫ್ರಾನ್ಸಿನ ಬಗ್ಗೆ ಮುಖಕ್ಕೆ ಹೊಡೆದಂತೆ ಮಾತಾಡಿದ ಚಿತ್ರ ಬಂದದ್ದು ಅದೇ ಜರ್ಮನ್ ಸಂಸ್ಥೆಯಿಂದ. ಅಂರಿ-ಜಾರ್ಜ್ ಕ್ಲೂಜೊನ ‘ಲ ಕೊರ್ಬೊ’ (ಕಾಗೆ, 1943). ಒಂದು ಚಿಕ್ಕ ಪಟ್ಟಣ. ಇಲ್ಲಿಯದಾಗಿರಬಹುದು, ಬೇರೆಲ್ಲಿಯದೂ ಆಗಿರಬಹುದು ಎಂದು ಚಿತ್ರವೇ ಆರಂಭದಲ್ಲಿ ಹೇಳುತ್ತದೆ. ‘ಕಾಗೆ’ ಎಂಬ ಅಂಕಿತದ ಅನಾಮಧೇಯ ಪತ್ರಗಳು ಮನೆಮನೆಗೆ ಬರತೊಡಗುತ್ತವೆ. ವೈದ್ಯ ಜೆರ್ಮೆಂ ಗರ್ಭಪಾತ ಮಾಡಿಸುತ್ತಾನೆ, ಹಾದರಕ್ಕಿಳಿದಿದ್ದಾನೆ ಎಂಬುದರಿಂದ ತೊಡಗಿ ಊರಿನ ಎಲ್ಲರ ಗುಟ್ಟುಗಳೂ ಬೀದಿಗೆ ಬೀಳುತ್ತವೆ. ತನಗೆ ಕ್ಯಾನ್ಸರ್ ಇದೆಯೆಂದು ಪತ್ರದಿಂದ ತಿಳಿದ ರೋಗಿ ಕ್ಷೌರದ ಕತ್ತಿಯಿಂದ ಸಾಯುತ್ತಾನೆ. ಅವನ ಶವಯಾತ್ರೆಯಲ್ಲಿ ಗಾಡಿಯಿಂದ ಇನ್ನೊಂದು ಪತ್ರ ಜಾರಿ ರಸ್ತೆಗೆ ಬೀಳುತ್ತದೆ. ಜನ ಅದನ್ನು ಸುತ್ತಿ ಬಳಸಿ ನಡೆಯುತ್ತಾರೆ. ಇಗರ್ಜಿಯಲ್ಲಿ ಪ್ರವಚನ ನಡೆಯುತ್ತಿರುವಾಗ ಮೇಲಿನಿಂದ ಮತ್ತೊಂದು ಪತ್ರ ತೇಲಿ ಇಳಿಯುತ್ತದೆ. ಅದು ನೆಲ ಮುಟ್ಟುವವರೆಗೆ ಯಾರೂ ಉಸಿರಾಡುವುದಿಲ್ಲ. ನೋಡುವವರೂ ಕೂಡ.

ಕಥೆಗೆ ಆಧಾರ ಮೊದಲನೆಯ ಮಹಾಯುದ್ಧದ ಕೊನೆಯ ವರ್ಷಗಳಿಂದ 1922ರವರೆಗೆ ತ್ಯೂಲ್ ಪಟ್ಟಣದಲ್ಲಿ ನಡೆದ ಅನಾಮಧೇಯ ಪತ್ರಗಳ ಪ್ರಕರಣ. ಆದರೆ 1943ರ ಪ್ರೇಕ್ಷಕರಿಗೆ ಅದು ಹಳೆಯ ಕಥೆಯಾಗಿರಲಿಲ್ಲ. ನೆರೆಯವನು ಯೆಹೂದಿ, ನೆರೆಯವಳು ರೇಡಿಯೋದಲ್ಲಿ ಲಂಡನ್ ಕೇಳುತ್ತಾಳೆ ಎಂದು ಅಧಿಕಾರಿಗಳಿಗೆ ಚಾಡಿಪತ್ರಗಳು ಅಪಾರವಾಗಿ ಹೋಗುತ್ತಿದ್ದ ಕಾಲವದು. ಚಿತ್ರದ ಮಧ್ಯಭಾಗದಲ್ಲಿ ಹಿರಿಯ ವೈದ್ಯ ವೊರ್ಜೆ, ಒಳಿತು ಒಂದು ಕಡೆ ಕೆಡುಕು ಇನ್ನೊಂದು ಕಡೆ ಎಂದು ನಂಬುವ ಜೆರ್ಮೆಂನನ್ನು ಛೇಡಿಸುತ್ತ ತೂಗುದೀಪವನ್ನು ಜೀಕಿಬಿಡುತ್ತಾನೆ. ಬೆಳಕು ನೆರಳು ಗೋಡೆಯ ಮೇಲೆ, ಭೂಗೋಳದ ಮೇಲೆ, ಇಬ್ಬರ ಮುಖಗಳ ಮೇಲೆ ಓಲಾಡುತ್ತವೆ. ಬೆಳಕೆಲ್ಲಿ, ಕತ್ತಲೆಲ್ಲಿ, ಗಡಿ ಯಾವುದು? ಅದನ್ನು ನಿಲ್ಲಿಸಹೋದ ಜೆರ್ಮೆಂನ ಕೈ ಸುಡುತ್ತದೆ. ಇದನ್ನು ನೈತಿಕ ಸಾಪೇಕ್ಷವಾದ ಎಂದು ಹೇಳಿ ಮುಗಿಸಬಹುದು. ಆದರೆ ಈ ಮಾತನ್ನಾಡಿದ ವೊರ್ಜೆಯೇ ಕೊನೆಗೆ ಕಾಗೆ ಎಂದು ತಿಳಿಯುತ್ತದೆ. ಅಂದರೆ ಒಳಿತು ಕೆಡುಕುಗಳ ಗಡಿ ಅಳಿಸುವ ತತ್ತ್ವ ಇಲ್ಲಿ ಅಪರಾಧಿಯದು. ಕೈ ಸುಡುವ ಅನುಭವ ಮಾತ್ರ ಇನ್ನೊಬ್ಬನದು. ಚಿತ್ರದ ನಿಲುವನ್ನು ಒಂದು ಪಾತ್ರದ ಮಾತಿನಿಂದ ಎತ್ತಿಕೊಳ್ಳಲಾಗದು; ಮಾತು, ಬೆಳಕು, ಸುಟ್ಟ ಬೆರಳು ಮೂರನ್ನೂ ಒಟ್ಟಿಗೆ ಓದಬೇಕು.

ಚಿತ್ರಕ್ಕೆ ಸಿಕ್ಕ ಸ್ವಾಗತವೋ ವಿಲಕ್ಷಣ. ಕ್ಯಾಥೊಲಿಕ್ ವಲಯಗಳು ನೋಡಬಾರದ ಚಿತ್ರವೆಂದವು. ವಿಶಿಯ ಬಲಪಂಥೀಯರು ಫ್ರೆಂಚ್ ಕುಟುಂಬದ ಅವಹೇಳನ ಕಂಡರು. ಪ್ರತಿರೋಧ ಚಳವಳಿಯ ಗುಪ್ತ ಪತ್ರಿಕೆ 1944ರಲ್ಲಿ, ಫ್ರೆಂಚ್ ಜನ ಕೊಳೆತವರೆಂದು ತೋರಿಸಿ ಶತ್ರುವಿನ ಕೆಲಸ ಮಾಡಿದೆಯೆಂದು ಜರೆಯಿತು. ವಿಮೋಚನೆಯ ನಂತರ ಕ್ಲೂಜೊಗೆ ಚಿತ್ರ ನಿರ್ದೇಶಿಸದಂತೆ ಆಜೀವ ನಿಷೇಧ ವಿಧಿಸಲಾಯಿತು. ಸಾರ್ತ್ರೆಯಂಥವರು ಪರವಾಗಿ ನಿಂತರು. ಶಿಕ್ಷೆ ಎರಡು ವರ್ಷಕ್ಕಿಳಿದು, 1947ರಲ್ಲಿ ಅವನು ಮತ್ತೆ ಚಿತ್ರ ಮಾಡಿದ. ಪರಸ್ಪರ ಗುಂಡಿಕ್ಕುತ್ತಿದ್ದ ಎರಡು ಪಕ್ಷಗಳು ಒಂದು ಚಿತ್ರವನ್ನು ಒಂದೇ ಕಾರಣಕ್ಕೆ ದ್ವೇಷಿಸಿದವು: ಅದು ‘ನಮ್ಮ ಜನ’ರನ್ನು ಹೀಗೆ ತೋರಿಸಬಾರದಿತ್ತು.

ಆಗ ಅದರ ಎದುರಿಗೆ ಮಾದರಿಯಾಗಿ ಇಟ್ಟದ್ದು ಜಾಂ ಗ್ರೆಮಿಯೋಂ ನಿರ್ದೇಶಿಸಿದ ‘ಲ ಸಿಯೆಲ್ ಎ ತಾ ವು’ (ಆಕಾಶ ನಿಮ್ಮದು, 1944). 1938ರಲ್ಲಿ ವಿಮಾನ ಹಾರಾಟದ ದಾಖಲೆ ಸ್ಥಾಪಿಸಿದ ಗೃಹಿಣಿಯೊಬ್ಬಳ ನೈಜ ಕಥೆಯಿಂದ ಪ್ರೇರಿತವಾದ ಚಿತ್ರ. ಗ್ಯಾರೇಜಿನ ಮೆಕ್ಯಾನಿಕ್ ಪಿಯೆರ್, ಅವನ ಹೆಂಡತಿ ತೆರೆಸ್. ಅವನಿಗಿದ್ದ ಹಾರಾಟದ ಹುಚ್ಚನ್ನು ಮೊದಲು ವಿರೋಧಿಸಿದವಳೇ ಮುಂದೆ ಅದಕ್ಕೆ ಸಂಪೂರ್ಣ ಒಳಗಾಗುತ್ತಾಳೆ. ವಿಶಿ ಆಡಳಿತ ತನ್ನ ‘ದುಡಿಮೆ, ಕುಟುಂಬ, ತಾಯ್ನಾಡು’ ಎಂಬ ಘೋಷವಾಕ್ಯದ ದೃಷ್ಟಾಂತ ಅದರಲ್ಲಿ ಕಂಡಿತು. ಪ್ರತಿರೋಧದವರು ಸೋಲೊಪ್ಪದ ಜನಸಾಮಾನ್ಯರ ಛಲ ಕಂಡರು. ಇಬ್ಬರೂ ಹೊಗಳಿದರು. ಗ್ರೆಮಿಯೋಂ ಎಡಪಂಥೀಯ, ಪ್ರತಿರೋಧದ ಜೊತೆಗಿದ್ದವನು ಎಂಬುದರಿಂದ ಎರಡನೆಯ ಓದೇ ಸರಿ ಎಂದು ತೀರ್ಮಾನಿಸಬಹುದೆ? ಹಾಗೆ ತೀರ್ಮಾನಿಸಿದರೆ ಮಗಳ ಪಿಯಾನೊ ಎರಡೂ ಓದುಗಳಿಂದ ಬಿಟ್ಟುಹೋಗುತ್ತದೆ. ಸಂಗೀತದಲ್ಲಿ ಪ್ರತಿಭೆಯುಳ್ಳ ಮಗಳು. ವಿಮಾನದ ಖರ್ಚಿಗೆ ಪಿಯಾನೊ ಮಾರಿಹೋಗುತ್ತದೆ. ತಾಯಿಯ ಆಕಾಶಕ್ಕೆ ಬೆಲೆ ತೆತ್ತವಳು ಈ ಹುಡುಗಿ. ಚಿತ್ರ ಅದನ್ನು ಸಮರ್ಥಿಸುವುದೂ ಇಲ್ಲ, ಖಂಡಿಸುವುದೂ ಇಲ್ಲ. ಅದನ್ನು ನೋಡಲು ವಿಶಿಗೆ ಬಿಡುವಿರಲಿಲ್ಲ, ಪ್ರತಿರೋಧಕ್ಕೂ ಇರಲಿಲ್ಲ. ಈಗ ನಮಗಿದೆ.

ಇಲ್ಲಿ ಪಂಪ ನೆನಪಾಗುವುದು ಸಹಜ. ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಕಟ್ಟಿದ ಕಾವ್ಯದಲ್ಲಿ ಕವಿಯ ಮನಸ್ಸು ಕರ್ಣನ ಕಡೆ ವಾಲಿದ್ದನ್ನು ನಾವು ತಲೆಮಾರುಗಳಿಂದ ಪಾಠಮಾಡುತ್ತಿದ್ದೇವೆ. ಅರಿಕೇಸರಿಯ ಆಶ್ರಯ ಕ್ಲೂಜೊಗಿದ್ದ ಆಶ್ರಯದಂತಹುದಲ್ಲ. ಹೋಲಿಕೆಯನ್ನು ದೂರ ಎಳೆಯಬಾರದು. ಆದರೆ ಆಶ್ರಯ ಯಾರದೆಂದು ತಿಳಿದ ಮಾತ್ರಕ್ಕೆ ಕಾವ್ಯ ತಿಳಿಯುವುದಿಲ್ಲ, ಆಶ್ರಯವನ್ನು ಮರೆತರೂ ತಿಳಿಯುವುದಿಲ್ಲ ಎಂಬ ವಿವೇಕ ನಮ್ಮ ಹಳಗನ್ನಡದ ಓದಿನಲ್ಲಿ ಈಗಾಗಲೇ ಇದೆ. ಅದನ್ನು ಇಪ್ಪತ್ತನೆಯ ಶತಮಾನದ ಕೃತಿಗಳಿಗೆ ಏಕೆ ವಿಸ್ತರಿಸುವುದಿಲ್ಲವೋ ತಿಳಿಯದು.

ಕೊನೆಯದಾಗಿ ‘ಲೆಜಾಂಫಾಂ ದ್ಯು ಪಾರಾದಿ’ (1945). ಇಂಗ್ಲಿಷ್ ಅಡಿಬರಹಗಳ ಮೂಲಕ ಫ್ರೆಂಚ್ ಕೇಳುವ ನನ್ನಂಥವರಿಗೆ ಶೀರ್ಷಿಕೆಯೇ ಮೊದಲ ತೊಡಕು. ‘ಸ್ವರ್ಗದ ಮಕ್ಕಳು’ ಎಂದರೆ ಅರ್ಧ ಮಾತ್ರ ಬರುತ್ತದೆ. ರಂಗಮಂದಿರದಲ್ಲಿ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಅಗ್ಗದ ಗ್ಯಾಲರಿಗೆ ಫ್ರೆಂಚರು ‘ಪಾರಾದಿ’ ಎನ್ನುತ್ತಾರೆ. ನಮ್ಮ ಟೆಂಟುಗಳಲ್ಲಿ, ಟಾಕೀಸುಗಳಲ್ಲಿ ಬಡವರ ಜಾಗ ತೆರೆಯ ಮುಂದಿನ ನೆಲ. ಅದಕ್ಕೆ ಹೆಸರು ‘ಗಾಂಧಿ ಕ್ಲಾಸ್’. ಎರಡೂ ಹೆಸರುಗಳಲ್ಲಿರುವ ಗೌರವ ಬೆರೆತ ನಗೆ ಒಂದೇ. ‘ಗಾಂಧಿ ಕ್ಲಾಸಿನ ಮಕ್ಕಳು’ ಎಂದರೆ ಭಾವ ಹತ್ತಿರ ಬರುತ್ತದೆ, ದೇವಲೋಕ ತಪ್ಪಿಹೋಗುತ್ತದೆ.

ಚಿತ್ರ ನಡೆಯುವುದು ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನ ರಂಗಭೂಮಿಗಳ ಬೀದಿಯಲ್ಲಿ. ಮೂಕಾಭಿನಯದ ಬಾತಿಸ್ತ್ ದಬ್ಯೂರೊ, ಮಾತಿನ ನಟ ಫ್ರೆಡೆರಿಕ್ ಲಮೇತ್ರ್, ಕೊಲೆಗಾರ ಲಾಸನೇರ್ ಇತಿಹಾಸದಲ್ಲಿದ್ದವರು. ಇವರೆಲ್ಲ ಬಯಸುವ ಗಾರಾಂಸ್ (ಆರ್ಲೆತಿ) ಪ್ರೆವೆರನ ಸೃಷ್ಟಿ. ಬಾತಿಸ್ತನ ಫ್ಯುನಾಂಬ್ಯೂಲ್ ನಾಟಕಶಾಲೆಯಲ್ಲಿ ಮಾತಾಡಲು ಕಾನೂನಿನ ಅನುಮತಿಯಿಲ್ಲ. ಆರಂಭದ ಒಂದು ದೃಶ್ಯದಲ್ಲಿ ಗಡಿಯಾರ ಕದ್ದ ಆರೋಪ ಗಾರಾಂಸಳ ಮೇಲೆ ಬರುತ್ತದೆ. ಪೊಲೀಸ್ ಬಂದಾಗ, ಜಗಲಿಯ ಮೇಲೆ ಪೆದ್ದನಂತೆ ಬಿಳಿ ಬಣ್ಣ ಬಳಿದುಕೊಂಡು ಕೂತಿದ್ದ ಬಾತಿಸ್ತ್ (ಜಾಂ-ಲೂಯಿ ಬಾರೋ) ತಾನು ಕಂಡದ್ದನ್ನು ಅಭಿನಯಿಸಿ ತೋರಿಸುತ್ತಾನೆ: ಹೊಟ್ಟೆಯುಬ್ಬಿದ ಶ್ರೀಮಂತ, ಪಕ್ಕದ ಹೆಣ್ಣು, ಜಾರಿ ಬಂದ ಕಳ್ಳನ ಕೈ. ಜನ ನಗುತ್ತಾರೆ, ಆಕೆ ಬಿಡುಗಡೆಯಾಗುತ್ತಾಳೆ. ಮಾತು ನಿಷೇಧಿತವಾದಲ್ಲಿ ನುಡಿದ ಸಾಕ್ಷಿ ಇದು. ಆದರೆ ಇದನ್ನು ‘ಆಕ್ರಮಣಕ್ಕೆ ರೂಪಕ’ ಎಂದು ಕಟ್ಟಿಹಾಕಲು ನನಗೆ ಮನಸ್ಸಿಲ್ಲ. ಬಾರೋನ ಬೆರಳುಗಳ ಆಟದಲ್ಲಿ ಸಿಗುವ ಸಂತೋಷವು ರೂಪಕಕ್ಕೆ ಮೊದಲೇ ಇದೆ. ಅದಿಲ್ಲದಿದ್ದರೆ ಪೊಲೀಸನೂ ನಂಬುತ್ತಿರಲಿಲ್ಲ.

ಚಿತ್ರೀಕರಣ 1943ರ ಆಗಸ್ಟಿನಲ್ಲಿ ನೀಸ್ ನಗರದಲ್ಲಿ ಆರಂಭವಾಗಿ ಹಲವು ಬಾರಿ ನಿಂತಿತು. ಹಳೆ ಬಟ್ಟೆ ವ್ಯಾಪಾರಿ ಜೆರಿಕೊನ ಪಾತ್ರಕ್ಕಿದ್ದ ರೊಬೆರ್ ಲ ವಿಗಾಂ ನಾಜಿಗಳ ಪರ ಯೆಹೂದಿದ್ವೇಷ ಬಿತ್ತಿದವನು. ಮಿತ್ರಪಡೆಗಳು ಸಮೀಪಿಸಿದಾಗ ಜರ್ಮನಿಗೆ ಓಡಿಹೋದ. ಅವನ ಜಾಗಕ್ಕೆ ರೆನ್ವಾರನ ಅಣ್ಣ ಪಿಯೆರ್ ಬಂದ. 1935ರಲ್ಲಿ ದ್ಯುವಿವಿಯೆಯ ಚಿತ್ರದಲ್ಲಿ ಏಸುಕ್ರಿಸ್ತನಾಗಿದ್ದ ನಟನೇ ಈ ಲ ವಿಗಾಂ. ಅದೇ ದ್ಯುವಿವಿಯೆಯ 1932ರ ‘ಪ್ವಾಲ್ ದ ಕಾರೊತ್’ನಲ್ಲಿ ನೊಂದ ಬಾಲಕನಾಗಿದ್ದ ರೊಬೆರ್ ಲಿನೆನ್ ಪ್ರತಿರೋಧ ಸೇರಿ, 1944ರಲ್ಲಿ ಜರ್ಮನರ ಗುಂಡಿಗೆ ಬಲಿಯಾದ. ಗಾರಾಂಸಳಾಗಿದ್ದ ಆರ್ಲೆತಿಯನ್ನು ಜರ್ಮನ್ ಅಧಿಕಾರಿಯೊಬ್ಬನನ್ನು ಪ್ರೀತಿಸಿದ್ದಕ್ಕಾಗಿ ವಿಮೋಚನೆಯ ನಂತರ ಬಂಧನದಲ್ಲಿಟ್ಟರು. 1945ರ ಮಾರ್ಚಿನಲ್ಲಿ ಚಿತ್ರ ಪ್ಯಾರಿಸ್ಸಿನಲ್ಲಿ ಮೊದಲ ಬಾರಿ ತೆರೆಕಂಡಿತು.

ಆ ಬೀದಿಯ ವಿನ್ಯಾಸ ಅಲೆಕ್ಸಾಂದ್ರ್ ತ್ರೌನರನದು. ಸಂಗೀತದ ಒಂದು ಪಾಲು ಜೊಸೆಫ್ ಕೊಸ್ಮಾನದು. ಇಬ್ಬರೂ ಹಂಗೇರಿಯಿಂದ ಬಂದ ಯೆಹೂದಿಗಳು, ಕಾನೂನಿನ ಪ್ರಕಾರ ಕೆಲಸ ಮಾಡುವಂತಿಲ್ಲದವರು. ತಲೆಮರೆಸಿಕೊಂಡು ಅವರು ಮಾಡಿದ ಕೆಲಸವನ್ನು ಬೇರೆಯವರ ಹೆಸರಿನಲ್ಲಿ ನಡೆಸಲಾಯಿತು. ಚಿತ್ರದ ಹೆಸರುಪಟ್ಟಿಯಲ್ಲಿ ಇವರಿಬ್ಬರ ಹೆಸರು ಬರುವುದು ಗುಪ್ತವಾಸದಲ್ಲಿದ್ದುಕೊಂಡು ಮಾಡಿದ ‘ಕೊಲಾಬೊರಾಸಿಯೋಂ’ ಎಂಬ ಒಕ್ಕಣೆಯ ಜೊತೆ. 1940ರಿಂದ ಆ ಪದಕ್ಕೆ ಫ್ರಾನ್ಸಿನಲ್ಲಿ ಜರ್ಮನರೊಡನೆ ಕೈಜೋಡಿಸುವುದು ಎಂಬ ಅರ್ಥ ಬಂದಿತ್ತು. 1945ರಲ್ಲಿ ಅದು ಬೈಗುಳ. ‘ಸಹಯೋಗ’ ಎಂದು ಕನ್ನಡಿಸಿದರೆ ಆ ಇರಿತ ಕಾಣುವುದಿಲ್ಲ. ‘ಅಸಹಕಾರ’ವನ್ನು ಚಳವಳಿಯ ಹೆಸರಾಗಿ ಕಂಡ ಭಾಷೆ ನಮ್ಮದು; ‘ಸಹಕಾರ’ ಎಂದು ಬರೆಯುವುದೇ ಹೆಚ್ಚು ಸರಿಯೆಂದು ನನಗೆ ತೋರುತ್ತದೆ.